ಅಡುಗೆಮನೆಗೊಂದು ಪುಟ್ಟ ಟಿವಿ: ಪರದೆಗಿಂತ ಮೊದಲು ಸಿಗ್ನಲ್ ಬಗ್ಗೆ ಯೋಚಿಸಿ

ಏಳು, ಒಂಬತ್ತು ಅಥವಾ ಹತ್ತು ಇಂಚಿನ ಪರದೆ. ಬೆನ್ನಿಗೆ ಮಡಚುವ ಸ್ಟ್ಯಾಂಡ್, ತಲೆಯ ಮೇಲೆ ಎಳೆದು ಉದ್ದ ಮಾಡುವ ಆಂಟೆನಾ, ಒಳಗೆ ಚಾರ್ಜ್ ಮಾಡಬಹುದಾದ ಬ್ಯಾಟರಿ. "ಡಿಜಿಟಲ್ ಟಿವಿ, 1080ಪಿ ಸಪೋರ್ಟ್, ಅಡುಗೆಮನೆಗೂ ಪ್ರಯಾಣಕ್ಕೂ ಸೂಕ್ತ" ಎಂಬ ವಿವರಣೆ. ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಪೋರ್ಟಬಲ್ ಟಿವಿಗಳನ್ನು ನೀವೂ ನೋಡಿರಬಹುದು. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಕಳೆಯುವ ಅಮ್ಮನಿಗೋ, ತೋಟದ ಮನೆಯಲ್ಲಿ ರಾತ್ರಿ ಕಾವಲಿಗಿರುವ ಅಪ್ಪನಿಗೋ ಒಂದನ್ನು ಕೊಡಿಸೋಣ ಎಂದು ಅನಿಸುವುದು ಸಹಜ.

ಆದರೆ ಪೆಟ್ಟಿಗೆ ತೆರೆದು, ಆಂಟೆನಾ ಎತ್ತಿ, "ಚಾನೆಲ್ ಹುಡುಕು" ಎಂಬ ಗುಂಡಿ ಒತ್ತಿದರೆ ಕೊನೆಗೆ ಕಾಣುವುದು ಹಲವರ ಮನೆಯಲ್ಲಿ ಒಂದೇ ಸಾಲು: "ಯಾವ ಚಾನೆಲ್ಲೂ ಸಿಗಲಿಲ್ಲ". ಟಿವಿ ಕೆಟ್ಟಿದೆಯೇ? ಸಾಮಾನ್ಯವಾಗಿ ಇಲ್ಲ. ಹಾಗಾದರೆ ಮೋಸವೇ? ಪೂರ್ತಿ ಹಾಗೂ ಹೇಳಲಾಗದು. ಟಿವಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಆದರೆ ಅದು ಹುಡುಕುತ್ತಿರುವ ಸಿಗ್ನಲ್ ನಮ್ಮ ಊರಿನ ಗಾಳಿಯಲ್ಲಿ ಇಲ್ಲ. ಇದು ಏಕೆ ಹೀಗೆ, ಕೊಳ್ಳುವ ಮೊದಲು ಏನೇನು ನೋಡಬೇಕು ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಮೊದಲೆಲ್ಲ ಆಂಟೆನಾ ಇದ್ದರೆ ಸಾಕಿತ್ತಲ್ಲ?

ಹೌದು, ಸಾಕಿತ್ತು. ಎಲ್ಲಿಗಾದರೂ ಹೊತ್ತೊಯ್ಯಬಹುದಾದ ಟಿವಿ ಹೊಸ ಕಲ್ಪನೆಯೇನಲ್ಲ. ಜಪಾನಿನ ಸೋನಿ ಕಂಪನಿ 1960ರಲ್ಲೇ ಟ್ರಾನ್ಸಿಸ್ಟರುಗಳಿಂದ ನಡೆಯುವ ಎಂಟು ಇಂಚಿನ ಟಿವಿ ಹೊರತಂದಿತ್ತು. 1982ರಲ್ಲಿ ಬಂದ ಅದರ 'ವಾಚ್‌ಮನ್' ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು, ಪರದೆ ಎರಡು ಇಂಚು. ನಮ್ಮಲ್ಲೂ ಕಪ್ಪು-ಬಿಳುಪಿನ 14 ಇಂಚಿನ ಟಿವಿಗಳು ಪೋರ್ಟಬಲ್ ಎಂಬ ಹೆಸರಿನಲ್ಲೇ ಮನೆಮನೆಗೆ ಬಂದವು. ಟವರ್ ಹತ್ತಿರವಿದ್ದ ಊರುಗಳಲ್ಲಿ ಅವುಗಳ ತಲೆಯ ಮೇಲಿನ ಕೋಲು ಆಂಟೆನಾವೇ ಸಾಕಾಗುತ್ತಿತ್ತು, ದೂರದ ಊರುಗಳಲ್ಲಿ ಮಾಡಿನ ಮೇಲೆ ಅಲ್ಯೂಮಿನಿಯಂ ಆಂಟೆನಾ ಬೇಕಿತ್ತು.

ಇದು ಸಾಧ್ಯವಾದದ್ದು ಟಿವಿಯಿಂದಲ್ಲ, ದೂರದರ್ಶನದ ಟವರುಗಳಿಂದ. ಅವು ಅನಲಾಗ್ ಸಿಗ್ನಲನ್ನು ನೆಲದ ಮೇಲಿನಿಂದಲೇ ಸುತ್ತಲಿನ ಪ್ರದೇಶಕ್ಕೆ ಬಿತ್ತರಿಸುತ್ತಿದ್ದವು. ಆ ವ್ಯವಸ್ಥೆ ಈಗ ಹೆಚ್ಚುಕಡಿಮೆ ಮುಗಿದಿದೆ. ವ್ಯೂಹಾತ್ಮಕ ಮಹತ್ವದ ಸ್ಥಳಗಳಲ್ಲಿರುವ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲೇ ಪ್ರಕಟಿಸಿತ್ತು.

ಕೇಬಲ್ ಕೂಡ ಬದಲಾಗಿದೆ. ಒಂದು ಕಾಲದಲ್ಲಿ ಕೇಬಲ್ ವಯರನ್ನು ನೇರವಾಗಿ ಟಿವಿಯ ಹಿಂದಕ್ಕೆ ಚುಚ್ಚಿದರೆ ಚಿತ್ರ ಬರುತ್ತಿತ್ತು. 2012ರಲ್ಲಿ ಆರಂಭವಾದ ಕಡ್ಡಾಯ ಡಿಜಿಟಲೀಕರಣ ನಾಲ್ಕು ಹಂತಗಳಲ್ಲಿ ನಡೆದು, ಕೊನೆಯ ಹಂತದ ಗಡುವು 2017ರ ಮಾರ್ಚ್‌ಗೆ ಮುಗಿಯಿತು. ಬೆಂಗಳೂರು, ಮೈಸೂರು 2013ರ ಎರಡನೇ ಹಂತದಲ್ಲಿದ್ದವು. ಈಗ ಕೇಬಲ್ ಇರಲಿ, ಡಿಟಿಎಚ್ ಇರಲಿ, ಸಿಗ್ನಲನ್ನು ಬಿಡಿಸಿ ಚಿತ್ರವಾಗಿಸಲು ಸಾಮಾನ್ಯವಾಗಿ ಸೆಟ್ ಟಾಪ್ ಬಾಕ್ಸ್ ಬೇಕು.

ಅಂದರೆ ಆಂಟೆನಾ ಇರುವ ಟಿವಿ ಇನ್ನೂ ಮಾರಾಟವಾಗುತ್ತಿದೆ, ಆದರೆ ಆ ಆಂಟೆನಾಗೆ ಸಿಗ್ನಲ್ ಕೊಡುತ್ತಿದ್ದ ವ್ಯವಸ್ಥೆ ಬಹುತೇಕ ಊರುಗಳಲ್ಲಿ ಇಲ್ಲ.

"ಡಿಜಿಟಲ್ ಟಿವಿ" ಎಂದು ಬರೆದಿದೆಯಲ್ಲ, ಅದು ಸಾಲದೇ?

ಸಾಲದು. 'ಡಿಜಿಟಲ್' ಎಂಬುದು ಒಂದೇ ಭಾಷೆಯ ಹೆಸರಲ್ಲ, ಹಲವು ಭಾಷೆಗಳ ಗುಂಪಿನ ಹೆಸರು ಎಂದುಕೊಳ್ಳಿ. ನೆಲದ ಟವರಿನಿಂದ ಬರುವ ಡಿಜಿಟಲ್ ಟಿವಿಗೆ ಅಮೆರಿಕದಲ್ಲಿ ಎಟಿಎಸ್‌ಸಿ ಎಂಬ ಪದ್ಧತಿಯಿದೆ. ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ-ಟಿ, ಚೀನಾದಲ್ಲಿ ಡಿಟಿಎಂಬಿ, ಯುರೋಪಿನಲ್ಲಿ ಡಿವಿಬಿ-ಟಿ ಮತ್ತು ಅದರ ಸುಧಾರಿತ ರೂಪವಾದ ಡಿವಿಬಿ-ಟಿ2. ಒಂದನ್ನು ಅರ್ಥ ಮಾಡಿಕೊಳ್ಳುವ ಟಿವಿಗೆ ಇನ್ನೊಂದು ಅರ್ಥವಾಗಬೇಕೆಂದಿಲ್ಲ.

ಭಾರತ ಆಯ್ಕೆ ಮಾಡಿಕೊಂಡದ್ದು ಡಿವಿಬಿ-ಟಿ2. ದೂರದರ್ಶನ 2016ರ ಫೆಬ್ರವರಿಯಲ್ಲಿ ಈ ಪ್ರಸಾರವನ್ನು 16 ನಗರಗಳಲ್ಲಿ ಆರಂಭಿಸಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಅದರಲ್ಲಿ ಬರುತ್ತಿದ್ದದ್ದು ದೂರದರ್ಶನದ ಕೆಲವೇ ವಾಹಿನಿಗಳು, ಖಾಸಗಿ ಕನ್ನಡ ವಾಹಿನಿಗಳಲ್ಲ.

ಆದ್ದರಿಂದ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಎಟಿಎಸ್‌ಸಿ ಟಿವಿಯನ್ನು ಅಲ್ಲಿರುವ ನಿಮ್ಮ ಅಣ್ಣನೋ ಅಕ್ಕನೋ ಪ್ರೀತಿಯಿಂದ ತಂದುಕೊಟ್ಟರೂ ಇಲ್ಲಿ ಅದರ ಆಂಟೆನಾಗೆ ಕೆಲಸವಿಲ್ಲ. ಬರೀ ಡಿವಿಬಿ-ಟಿ ಎಂದಿರುವ ಟಿವಿಗೆ ಡಿವಿಬಿ-ಟಿ2 ಓದಲು ಬರುವುದಿಲ್ಲ, ಕೊನೆಯ ಆ '2' ಮುಖ್ಯ. ಡಿವಿಬಿ-ಟಿ2 ಇರುವ ಟಿವಿಯನ್ನೇ ಕೊಂಡು ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇಟ್ಟರೆ, ಬೆಂಗಳೂರಿನ ಟವರ್ ಅಷ್ಟು ದೂರ ತಲುಪುವುದಿಲ್ಲ.

ಇಂಥ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಟಿವಿ ಕೇಂದ್ರಗಳ ಅನಲಾಗ್ ಪ್ರಸಾರ ನಿಂತಿತು. ಹಳೆಯ ಟಿವಿ ಇರುವವರು ಪರಿವರ್ತಕ ಪೆಟ್ಟಿಗೆ ಕೊಳ್ಳಲೆಂದು ಸರ್ಕಾರ ಪ್ರತಿ ಮನೆಗೆ 40 ಡಾಲರಿನ ಎರಡು ಕೂಪನ್‌ಗಳವರೆಗೆ ಕೊಟ್ಟಿತು. ಮನೆಯ ದೊಡ್ಡ ಟಿವಿಗೆ ಅದರಿಂದ ಪರಿಹಾರ ಸಿಕ್ಕಿತು. ಆದರೆ ಚಂಡಮಾರುತ ಬಂದು ಕರೆಂಟ್ ಹೋದಾಗ ಸುದ್ದಿ ನೋಡಲೆಂದು ಜನ ಇಟ್ಟುಕೊಂಡಿದ್ದ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಟಿವಿಗಳ ಕಥೆ ಬೇರೆ. ಆ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಕರೆಂಟ್ ಬೇಕು, ಪೆಟ್ಟಿಗೆಯನ್ನು ಜೋಡಿಸುವ ಕಿಂಡಿಯೇ ಹಲವು ಪುಟ್ಟ ಟಿವಿಗಳಲ್ಲಿ ಇರಲಿಲ್ಲ. ಚೆನ್ನಾಗಿದ್ದ ಟಿವಿಗಳು ರಾತ್ರೋರಾತ್ರಿ ಪ್ರಯೋಜನಕ್ಕೆ ಬಾರದಂತಾದವು.

"ನೂರಾರು ಕಿಲೋಮೀಟರ್ ಎಳೆಯುವ" ಆಂಟೆನಾ ಹಾಕಿದರೆ?

"ಈ ಆಂಟೆನಾ ಹಾಕಿ, ಜೀವನಪೂರ್ತಿ ಎಲ್ಲ ಚಾನೆಲ್ ಉಚಿತ" ಎಂಬ ಜಾಹೀರಾತುಗಳೂ ಓಡಾಡುತ್ತವೆ. ಇದರಲ್ಲಿ ಎರಡು ಸುಳ್ಳುಗಳಿವೆ.

ಮೊದಲನೆಯದು ದೂರ. ಟಿವಿ ಪ್ರಸಾರಕ್ಕೆ ಬಳಸುವ ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತವೆ, ಭೂಮಿಯಾದರೋ ದುಂಡಗಿದೆ. ಹಾಗಾಗಿ ಟವರ್ ಎಷ್ಟು ಎತ್ತರವಿದೆ, ನಿಮ್ಮ ಆಂಟೆನಾ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಸಿಗ್ನಲ್ ತಲುಪುವ ದೂರ ನಿಂತಿದೆ. 150 ಮೀಟರ್ ಎತ್ತರದ ಟವರ್ ಮತ್ತು ಮಾಡಿನ ಮೇಲೆ 10 ಮೀಟರ್ ಎತ್ತರದಲ್ಲಿರುವ ಆಂಟೆನಾ ಎಂದುಕೊಂಡರೆ, ಸಮತಟ್ಟಾದ ನೆಲದಲ್ಲಿ ಲೆಕ್ಕದ ಪ್ರಕಾರ ಸಿಗುವ ದೂರ ಸುಮಾರು 63 ಕಿಲೋಮೀಟರ್. ನಡುವೆ ಗುಡ್ಡ, ಕಟ್ಟಡ ಬಂದರೆ ಇನ್ನೂ ಕಡಿಮೆ. ಅಡುಗೆಮನೆಯ ನಾಲ್ಕು ಗೋಡೆಗಳ ಒಳಗಿನ ಒಂದು ಅಡಿ ಆಂಟೆನಾಗೆ, ರೈಲಿನ ಉಕ್ಕಿನ ಬೋಗಿಯೊಳಗಿನ ಆಂಟೆನಾಗೆ ಮತ್ತೂ ಕಡಿಮೆ. ಭೂಮಿಯ ಬಾಗನ್ನು ಯಾವ ಆಂಟೆನಾವೂ ನೇರ ಮಾಡಲಾರದು.

ಎರಡನೆಯದು ಇನ್ನೂ ಸರಳ. ಆಂಟೆನಾ ಸಿಗ್ನಲನ್ನು ಹಿಡಿಯಬಲ್ಲದು, ಹುಟ್ಟಿಸಲಾರದು. ನಿಮ್ಮ ಮೆಚ್ಚಿನ ಧಾರಾವಾಹಿಯ ಖಾಸಗಿ ವಾಹಿನಿ ನೆಲದ ಟವರಿನಿಂದ ಪ್ರಸಾರವಾಗುವುದೇ ಇಲ್ಲ. ಇಲ್ಲದ ಸಿಗ್ನಲನ್ನು ದುಬಾರಿ ಆಂಟೆನಾ ಕೂಡ ಹಿಡಿಯದು.

ಹಾಗಾದರೆ ಚಿತ್ರ ಬರುವ ದಾರಿಗಳು ಯಾವುವು?

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟೇ: ಭಾರತದಲ್ಲಿ ಇಂದು ಪುಟ್ಟ ಪೋರ್ಟಬಲ್ ಟಿವಿ ಕೊಳ್ಳುವುದೆಂದರೆ ಬಹುತೇಕ ಒಂದು ಪರದೆಯನ್ನು ಕೊಳ್ಳುವುದು. ಆ ಪರದೆಗೆ ಚಿತ್ರ ಎಲ್ಲಿಂದ ಬರುತ್ತದೆ ಎಂಬುದನ್ನು ನಾವೇ ಮೊದಲು ತೀರ್ಮಾನಿಸಬೇಕು. ದಾರಿಗಳು ನಾಲ್ಕು.

*ಮನೆಯಲ್ಲಿರುವ ಕೇಬಲ್ ಅಥವಾ ಡಿಟಿಎಚ್.* ಹಾಲಿನಲ್ಲಿರುವ ಬಾಕ್ಸಿನಿಂದಲೇ ಅಡುಗೆಮನೆಗೆ ವಯರ್ ಎಳೆಯಬಹುದು. ಆದರೆ ಹಾಲಿನಲ್ಲಿ ಕ್ರಿಕೆಟ್ ಹಾಕಿದರೆ ಅಡುಗೆಮನೆಯಲ್ಲೂ ಕ್ರಿಕೆಟ್ಟೇ ಬರುತ್ತದೆ. ಬೇರೆ ವಾಹಿನಿ ಬೇಕೆಂದರೆ ಎರಡನೇ ಬಾಕ್ಸ್, ಸಾಮಾನ್ಯವಾಗಿ ಅದಕ್ಕೊಂದು ಹೆಚ್ಚುವರಿ ಮಾಸಿಕ ಶುಲ್ಕ. ಟಿವಿಯ ಬೆಲೆಗಿಂತ ಮೊದಲು ಈ ಲೆಕ್ಕ ಹಾಕಿ.

*ಡಿಡಿ ಫ್ರೀ ಡಿಶ್.* 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಪ್ರಸಾರ ಭಾರತಿಯ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರಾಯಿತು. ಡಿಡಿ ಚಂದನವೂ ಇದರಲ್ಲಿ ಬರುತ್ತದೆ. ಈಗಾಗಲೇ ಫ್ರೀ ಡಿಶ್ ಇರುವ ಮನೆಯಲ್ಲಿ ಡಿಶ್ಶಿನ ಮುಂದಿನ ಎಲ್‌ಎನ್‌ಬಿಯನ್ನು ಎರಡು ಕಿಂಡಿಗಳಿರುವುದಕ್ಕೆ ಬದಲಿಸಿ, ಎರಡನೇ ಬಾಕ್ಸ್ ಹಾಕಿದರೆ ಅಡುಗೆಮನೆಯಲ್ಲಿ ಬೇರೆ ವಾಹಿನಿಯನ್ನೇ ನೋಡಬಹುದು. ಉಪಗ್ರಹದ ಟ್ಯೂನರ್ ಒಳಗೇ ಇರುವ ಟಿವಿಗಳಿಗೆಂದು ಭಾರತೀಯ ಮಾನಕ ಬ್ಯೂರೊ ಪ್ರತ್ಯೇಕ ಮಾನದಂಡವನ್ನೂ ರೂಪಿಸಿದೆ. ಅಂಥ ಟಿವಿಗೆ ಉಚಿತ ವಾಹಿನಿಗಳನ್ನು ನೋಡಲು ಡಿಶ್ ಸಾಕು, ಬಾಕ್ಸ್ ಬೇಡ. ಆದರೆ ಡಿಶ್ ಉಪಗ್ರಹದ ದಿಕ್ಕಿಗೆ ಅಲುಗಾಡದೆ ನಿಂತಿರಬೇಕು. ಚಲಿಸುವ ಬಸ್ಸು, ಕಾರಿಗೆ ಇದು ಆಗದ ಮಾತು.

*ಇಂಟರ್ನೆಟ್.* ಅಡುಗೆಮನೆಗೆ ವೈಫೈ ಚೆನ್ನಾಗಿ ಬರುತ್ತಿದ್ದರೆ, ಎಚ್‌ಡಿಎಂಐ ಕಿಂಡಿ ಇರುವ ಯಾವುದೇ ಪರದೆಗೆ ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿ ನೋಡಬಹುದು. ಎಚ್‌ಡಿಎಂಐ ಇಲ್ಲದ ಪುಟ್ಟ ಟಿವಿಗೆ ಈ ದಾರಿ ಮುಚ್ಚಿದಂತೆಯೇ. ಮೊಬೈಲಿನಿಂದ ವಯರ್ ಮೂಲಕ ಚಿತ್ರ ಕಳುಹಿಸಬೇಕೆಂದಿದ್ದರೆ ನಿಮ್ಮ ಫೋನಿಗೆ ಆ ಸೌಲಭ್ಯ ಇದೆಯೇ ನೋಡಿಕೊಳ್ಳಿ. ಟೈಪ್-ಸಿ ಕಿಂಡಿ ಇರುವ ಎಲ್ಲ ಫೋನುಗಳೂ ಚಿತ್ರವನ್ನು ಹೊರಗೆ ಕೊಡುವುದಿಲ್ಲ.

*ಪೆನ್ ಡ್ರೈವ್ ಅಥವಾ ಮೆಮರಿ ಕಾರ್ಡ್.* ಪ್ರಯಾಣಕ್ಕೆ ನೆಚ್ಚಬಹುದಾದ ದಾರಿ ಇದು, ಸಿಗ್ನಲಿನ ಹಂಗೇ ಇಲ್ಲ. ಎರಡು ಎಚ್ಚರಿಕೆ ಮಾತ್ರ ಇರಲಿ. ಅಗ್ಗದ ಟಿವಿಗಳು ಹಲವು ಬಾರಿ ಎಫ್‌ಎಟಿ32 ಎಂಬ ಹಳೆಯ ಮಾದರಿಯ ಪೆನ್ ಡ್ರೈವನ್ನಷ್ಟೇ ಓದುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಹಾಗೆಯೇ ಎಚ್.265 ಮಾದರಿಯ ಹೊಸ ವಿಡಿಯೊಗಳು ಕೆಲವದರಲ್ಲಿ ಓಡುವುದಿಲ್ಲ, ಬರೀ ಧ್ವನಿ ಬಂದು ಪರದೆ ಕಪ್ಪಾಗಿರುತ್ತದೆ. ಹೊರಡುವ ಹಿಂದಿನ ದಿನವೇ ಹಾಕಿ ನೋಡುವುದು ಒಳ್ಳೆಯದು.

ಬಾಕ್ಸಿನಲ್ಲಿ ಹಳದಿ-ಬಿಳಿ-ಕೆಂಪು ಪಿನ್ನುಗಳು ಮಾತ್ರ ಇದ್ದು, ಪುಟ್ಟ ಟಿವಿಯಲ್ಲಿ ಇಯರ್‌ಫೋನ್ ರಂಧ್ರದಂಥ ಒಂದೇ ಎವಿ ಕಿಂಡಿ ಇದ್ದರೆ, ಜೊತೆಗೆ ಬಂದ ವಯರನ್ನೇ ಬಳಸಿ. ನೋಡಲು ಒಂದೇ ರೀತಿಯಿದ್ದರೂ ಈ ವಯರುಗಳ ಒಳಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಚಿತ್ರ ಬರದೆ ಗೊರಗೊರ ಶಬ್ದ ಬಂದರೆ, ಬಾಕ್ಸಿನ ಹಳದಿ ಕಿಂಡಿಗೆ ಕೆಂಪು ಅಥವಾ ಬಿಳಿ ಪಿನ್ ಚುಚ್ಚಿ ನೋಡಿ. ಎಷ್ಟೋ ಸಲ "ಕೆಟ್ಟಿದೆ" ಎಂದುಕೊಂಡ ಟಿವಿಯ ರೋಗ ಇಷ್ಟೇ ಆಗಿರುತ್ತದೆ.

"1080ಪಿ ಸಪೋರ್ಟ್" ಎಂದರೆ ಫುಲ್ ಎಚ್‌ಡಿ ಪರದೆಯೇ?

ಅಲ್ಲ. 1080ಪಿ ವಿಡಿಯೊ ಕೊಟ್ಟರೆ ಈ ಟಿವಿ ಅದನ್ನು ತೆರೆಯಬಲ್ಲದು ಎಂದಷ್ಟೇ ಅದರರ್ಥ. ತೆರೆದ ಮೇಲೆ ಅದನ್ನು ತನ್ನ ಪರದೆಯ ಅಳತೆಗೆ ಇಳಿಸಿ ತೋರಿಸುತ್ತದೆ. ಅಗ್ಗದ ಏಳು ಇಂಚಿನ ಪರದೆಗಳಲ್ಲಿ ಸಾಮಾನ್ಯವಾಗಿ 800×480 ಅಥವಾ 1024×600 ಚುಕ್ಕೆಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 1024×600ರಲ್ಲಿ ಇರುವುದು ಸುಮಾರು 6.1 ಲಕ್ಷ. ವಿವರಣೆಯಲ್ಲಿ 'ರೆಸಲ್ಯೂಷನ್' ಎಂಬುದರ ಮುಂದೆ ಇರುವ ಸಂಖ್ಯೆಯನ್ನು ನೋಡಿ, 'ಸಪೋರ್ಟ್' ಎಂಬ ಪದದ ಹಿಂದಿರುವುದನ್ನಲ್ಲ.

ಆದರೆ ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. ಇಷ್ಟು ಚಿಕ್ಕ ಪರದೆಗೆ ಫುಲ್ ಎಚ್‌ಡಿ ಬೇಕಾಗಿಯೂ ಇಲ್ಲ. ಆರೋಗ್ಯವಂತ ಕಣ್ಣು ಒಂದು ಮೀಟರ್ ದೂರದಿಂದ ಸುಮಾರು 0.29 ಮಿಲಿಮೀಟರಿಗಿಂತ ಚಿಕ್ಕ ಅಂತರವನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ಏಳು ಇಂಚಿನ 1024×600 ಪರದೆಯಲ್ಲಿ ಚುಕ್ಕೆಯಿಂದ ಚುಕ್ಕೆಗೆ ಇರುವ ಅಂತರ ಸುಮಾರು 0.15 ಮಿಲಿಮೀಟರ್, 800×480ರಲ್ಲಿ ಸುಮಾರು 0.19. ಒಲೆಯ ಮುಂದೆ ನಿಂತು ಒಂದು ಮೀಟರ್ ಆಚೆಗಿನ ಟಿವಿ ನೋಡುವವರಿಗೆ ಚುಕ್ಕೆ ಹೆಚ್ಚಿದ್ದರೂ ಕಾಣುವ ವ್ಯತ್ಯಾಸ ಅತ್ಯಲ್ಪ.

ನಿಜವಾದ ತೊಂದರೆ ಚುಕ್ಕೆಗಳಲ್ಲಿ ಅಲ್ಲ, ಅಳತೆಯಲ್ಲಿ. ಇಂಚುಗಳನ್ನು ಮೂಲೆಯಿಂದ ಮೂಲೆಗೆ ಅಳೆಯುವುದರಿಂದ ನಮ್ಮ ಅಂದಾಜು ತಪ್ಪುತ್ತದೆ. ಏಳು ಇಂಚಿನ ಪರದೆಯ ಅಗಲ 15.5 ಸೆಂ.ಮೀ., ಎತ್ತರ 8.7 ಸೆಂ.ಮೀ. ಅಂದರೆ ಅಂಚೆ ಕಾರ್ಡಿಗಿಂತ ತುಸು ಉದ್ದ, ಅಷ್ಟೇ. ಹತ್ತು ಇಂಚಿನದು ಅದರ ಎರಡು ಪಟ್ಟು ವಿಸ್ತಾರ, 14 ಇಂಚಿನದು ನಾಲ್ಕು ಪಟ್ಟು.

ಇದು ಕನ್ನಡದ ನೋಡುಗರಿಗೆ ಇನ್ನಷ್ಟು ಮುಖ್ಯ. ಸುದ್ದಿ ವಾಹಿನಿಯ ಕೆಳಗೆ ಓಡುವ ಅಕ್ಷರಗಳ ಎತ್ತರ ಪರದೆಯ ಮೂವತ್ತರಲ್ಲಿ ಒಂದು ಪಾಲು ಎಂದುಕೊಳ್ಳೋಣ. 32 ಇಂಚಿನ ಟಿವಿಯಲ್ಲಿ ಅದು 13 ಮಿಲಿಮೀಟರ್, ಏಳು ಇಂಚಿನದರಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ. ಅಂದರೆ ದಿನಪತ್ರಿಕೆಯ ಸುದ್ದಿಯನ್ನು ಒಂದು ಮೀಟರ್ ದೂರದಿಂದ ಓದಿದಂತೆ. ಅದರ ಮೇಲೆ ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅವುಗಳಿಗೂ ಜಾಗ ಬಿಡಬೇಕಾದ್ದರಿಂದ ಮುಖ್ಯ ಅಕ್ಷರ ಮತ್ತೂ ಚಿಕ್ಕದಾಗುತ್ತದೆ. ಹಾಡು, ಧಾರಾವಾಹಿ, ಹಾಸ್ಯಕ್ಕೆ ಏಳು ಇಂಚು ನಡೆದೀತು. ಐವತ್ತು ದಾಟಿದ ಕಣ್ಣುಗಳು ಸುದ್ದಿ ಓದಬೇಕೆಂದರೆ, ಅಡುಗೆ ಕಾರ್ಯಕ್ರಮದ ಸಾಮಗ್ರಿ ಪಟ್ಟಿ ನೋಡಬೇಕೆಂದರೆ 14 ಇಂಚಿಗಿಂತ ಕೆಳಗೆ ಹೋಗದಿರುವುದು ಲೇಸು.

ಇನ್ನೊಂದು ಅಂಶ, ನೋಡುವ ಕೋನ. ಅಗ್ಗದ ಟಿಎನ್ ಮಾದರಿಯ ಪರದೆಗಳನ್ನು ಎದುರಿನಿಂದ ನೋಡಿದರೆ ಚೆನ್ನ. ಕೆಳಗಿನಿಂದ ಅಥವಾ ಮೇಲಿನಿಂದ ನೋಡಿದರೆ ಬಣ್ಣ ಮಾಸಿ, ಕಪ್ಪು ಬಿಳಿಯಾದಂತೆ ಕಾಣುತ್ತದೆ. ಅಡುಗೆಮನೆಯಲ್ಲಿ ಟಿವಿ ಕಟ್ಟೆಯ ಮೇಲಿರುತ್ತದೆ, ನಾವು ನಿಂತಿರುತ್ತೇವೆ. ಅಥವಾ ಟಿವಿ ಮೇಲಿನ ಶೆಲ್ಫಿನಲ್ಲಿರುತ್ತದೆ, ನಾವು ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿರುತ್ತೇವೆ. ಐಪಿಎಸ್ ಎಂದು ಬರೆದಿರುವ ಪರದೆ ಈ ವಿಷಯದಲ್ಲಿ ಮೇಲು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

"2000 ಎಂಎಎಚ್" ಎಂಬ ಸಂಖ್ಯೆಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಅದನ್ನು ಬ್ಯಾಟರಿಯ ವೋಲ್ಟಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಅದೇ ನಿಜವಾದ ಸಾಮರ್ಥ್ಯ. 2000 ಎಂಎಎಚ್ ಬ್ಯಾಟರಿ 7.4 ವೋಲ್ಟಿನದಾದರೆ 14.8 ವ್ಯಾಟ್-ಅವರ್, 3.7 ವೋಲ್ಟಿನದಾದರೆ ಅದರ ಅರ್ಧ. ಟಿವಿ 8 ವ್ಯಾಟ್ ಬಳಸುತ್ತದೆ ಎಂದುಕೊಂಡರೆ ಮೊದಲನೆಯದು ಹೆಚ್ಚೆಂದರೆ ಒಂದು ಗಂಟೆ ಐವತ್ತು ನಿಮಿಷ, ಎರಡನೆಯದು ಐವತ್ತೈದು ನಿಮಿಷ. ಬೆಳಕು ಮತ್ತು ಧ್ವನಿ ಹೆಚ್ಚಿಸಿದರೆ ಇದೂ ಇಳಿಯುತ್ತದೆ. "ಐದು ಗಂಟೆ" ಎಂಬ ಮಾತನ್ನು ನಂಬುವ ಮೊದಲು ಈ ಲೆಕ್ಕ ಮಾಡಿ. ಜೊತೆಗೆ ಸೆಟ್ ಟಾಪ್ ಬಾಕ್ಸಿಗೆ ಬೇರೆ ಕರೆಂಟ್ ಬೇಕು ಎಂಬುದೂ ನೆನಪಿರಲಿ. ಟಿವಿಯೊಳಗಿನ ಬ್ಯಾಟರಿ ಅದಕ್ಕೆ ಸಿಗುವುದಿಲ್ಲ.

ತೋಟದ ಮನೆಯವರಿಗೆ ಒಂದು ಅನುಕೂಲವಿದೆ. ಅನೇಕ ಪುಟ್ಟ ಟಿವಿಗಳು, ಹಲವು ಫ್ರೀ ಡಿಶ್ ಬಾಕ್ಸುಗಳು 12 ವೋಲ್ಟಿನಲ್ಲಿ ನಡೆಯುತ್ತವೆ. ಸೋಲಾರ್ ದೀಪಕ್ಕೆಂದು ಇಟ್ಟ 12 ವೋಲ್ಟಿನ ಬ್ಯಾಟರಿಯಿಂದಲೇ ಎರಡನ್ನೂ ನಡೆಸಬಹುದು. ತುಂಬಿದ ಬ್ಯಾಟರಿ 12ಕ್ಕಿಂತ ತುಸು ಹೆಚ್ಚು ವೋಲ್ಟ್ ಕೊಡುತ್ತದೆ, ಹಾಗಾಗಿ ನೇರವಾಗಿ ವಯರ್ ಸಿಕ್ಕಿಸದೆ ತಿಳಿದವರಿಂದ ಫ್ಯೂಸ್ ಸಹಿತ ಜೋಡಣೆ ಮಾಡಿಸಿ. ಕಾರಿನ ಸಾಕೆಟ್ 12 ವೋಲ್ಟಿನದು, ಆದರೆ ದೊಡ್ಡ ಲಾರಿ-ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಟಿವಿಯನ್ನು ಅದಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗಬಹುದು. ಯಾವ ವಾಹನವೇ ಇರಲಿ, ಚಾಲಕನ ಕಣ್ಣಿಗೆ ಕಾಣುವಂತೆ ಟಿವಿ ಇಡಲೇಬಾರದು.

ಹತ್ತಿರದಿಂದ ನೋಡಿದರೆ ಕಣ್ಣು ಹಾಳಾಗುವುದಿಲ್ಲವೇ?

ಪುಟ್ಟ ಟಿವಿ ಎಂದ ಕೂಡಲೇ ಮನೆಯ ಹಿರಿಯರು ಕೇಳುವ ಪ್ರಶ್ನೆ ಇದು. ಈ ಭಯಕ್ಕೆ ಒಂದು ಹಿನ್ನೆಲೆಯಿದೆ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸುಮಾರು ಒಂದು ಲಕ್ಷ ಬಣ್ಣದ ಟಿವಿಗಳಿಂದ ಮಿತಿಗಿಂತ ಹೆಚ್ಚು ಎಕ್ಸ್‌-ಕಿರಣ ಹೊರಬರುತ್ತಿರುವುದು ಪತ್ತೆಯಾಯಿತು. ಮರುವರ್ಷವೇ ಅಲ್ಲಿ ಇಂಥ ಉಪಕರಣಗಳ ವಿಕಿರಣವನ್ನು ನಿಯಂತ್ರಿಸುವ ಕಾನೂನು ಬಂತು. "ಟಿವಿಯಿಂದ ದೂರ ಕೂರಿ" ಎಂಬ ಮಾತಿಗೆ ಆಗ ಅರ್ಥವಿತ್ತು. ಆದರೆ ಅದು ಹೆಚ್ಚಿನ ವೋಲ್ಟೇಜಿನಲ್ಲಿ ನಡೆಯುವ ಹಳೆಯ ಪಿಕ್ಚರ್ ಟ್ಯೂಬ್ ಕಾಲದ ಮಾತು. ಇಂದಿನ ಎಲ್‌ಸಿಡಿ ಪರದೆಗಳಲ್ಲಿ ಆ ಟ್ಯೂಬೂ ಇಲ್ಲ, ಎಕ್ಸ್‌-ಕಿರಣವೂ ಇಲ್ಲ.

ಹತ್ತಿರದಿಂದ ನೋಡಿದರೆ ಕಣ್ಣು ದಣಿಯಬಹುದು, ರೆಪ್ಪೆ ಬಡಿಯುವುದು ಕಡಿಮೆಯಾಗಿ ಉರಿ ಬರಬಹುದು, ತಲೆ ನೋಯಬಹುದು. ಇವು ವಿಶ್ರಾಂತಿಯಿಂದ ಹೋಗುವ ತೊಂದರೆಗಳು. ಆದರೆ ಮಗುವೊಂದು ದೊಡ್ಡ ಟಿವಿಯನ್ನೂ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದರೆ ಗದರಿಸುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ದೂರದ್ದು ಮಸುಕಾಗಿ ಕಾಣುತ್ತಿರುವುದರಿಂದ ಅದು ಹತ್ತಿರ ಹೋಗುತ್ತಿರಬಹುದು.

ಮಕ್ಕಳ ವಿಷಯದಲ್ಲಿ ದೂರಕ್ಕಿಂತ ಸಮಯ ಮುಖ್ಯ. ಎರಡು ವರ್ಷದೊಳಗಿನ ಮಕ್ಕಳಿಗೆ ಕೂತು ಪರದೆ ನೋಡುವುದು ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿದೆ. ಅಡುಗೆಮನೆಯ ಟಿವಿ ಊಟ ಮಾಡಿಸುವ ಟಿವಿ ಆಗದಂತೆ ನೋಡಿಕೊಳ್ಳುವುದು ದೊಡ್ಡವರ ಕೈಯಲ್ಲಿದೆ.

ಅಡುಗೆಮನೆಯಲ್ಲಿ ಎಲ್ಲಿಡಬೇಕು?

ಒಲೆಯ ಮೇಲ್ಭಾಗ ಬೇಡ, ಸಿಂಕಿನ ಪಕ್ಕವೂ ಬೇಡ. ಒಗ್ಗರಣೆಯ ಎಣ್ಣೆ ಹನಿಗಳು ಸ್ಪೀಕರಿನ ರಂಧ್ರಗಳಲ್ಲಿ ಕೂರುತ್ತವೆ, ಕುಕ್ಕರಿನ ಹಬೆ ಒಳಗಿನ ಜೋಡಣೆಗಳಿಗೆ ಒಳ್ಳೆಯದಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ದೊಡ್ಡ ಶತ್ರು. ಅದು ಉಬ್ಬಿ ಟಿವಿಯ ಬೆನ್ನು ಮೇಲೆದ್ದಂತೆ ಕಂಡರೆ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಒದ್ದೆ ಕೈಯಲ್ಲಿ ಅಡಾಪ್ಟರ್ ಮುಟ್ಟಬೇಡಿ.

ಅಡಾಪ್ಟರ್ ಮತ್ತು ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು, ಜೊತೆಗೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೊದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯ, ಯಾವ ವಸ್ತುವಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ಹೆಸರೇ ಕೇಳಿರದ ಕಂಪನಿಯ ಅಗ್ಗದ ಟಿವಿಯಲ್ಲಿ ಬೆಂಕಿಯ ಅಪಾಯವಿರುವ ಮುಖ್ಯ ಭಾಗಗಳು ಇವೆರಡು ಆದ್ದರಿಂದ ಈ ಎರಡು ನಿಮಿಷದ ಕೆಲಸ ಬಿಡಬೇಡಿ.

ಧ್ವನಿಯ ಬಗ್ಗೆಯೂ ಒಂದು ಮಾತು. ಒಂದೆರಡು ವ್ಯಾಟಿನ ಸ್ಪೀಕರ್ ಮಿಕ್ಸಿಯ ಸದ್ದಿನ ಮುಂದೆ ಸೋಲುತ್ತದೆ. ಹಾಗೆಂದು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಕುಕ್ಕರಿನ ಕೂಗು ಲೆಕ್ಕಕ್ಕೆ ಸಿಗದು, ಹಾಲು ಉಕ್ಕಿದ್ದೂ ತಿಳಿಯದು. ಬ್ಲೂಟೂತ್ ಸ್ಪೀಕರ್ ಇದ್ದರೆ ಅದನ್ನೇ ಹತ್ತಿರ ಇಟ್ಟುಕೊಳ್ಳಿ, ಇಲ್ಲವೇ ಒಂದೇ ಕಿವಿಗೆ ಹಾಕಿಕೊಳ್ಳಿ.

ಹಾಗಾದರೆ ಕೊಳ್ಳಬೇಕೇ, ಬೇಡವೇ?

ಅದು ನಿಮ್ಮ ಅಗತ್ಯವನ್ನು ಅವಲಂಬಿಸಿದೆ.

- ಅಡುಗೆಮನೆಗೆ ವೈಫೈ ಇದೆ, ಮನೆಯಲ್ಲಿ ಬಳಸದ ಟ್ಯಾಬ್ಲೆಟ್ ಇದೆ: ಹೊಸದೇನೂ ಬೇಡ. ಒಂದು ಸ್ಟ್ಯಾಂಡ್ ಸಾಕು.
- ಅಡುಗೆಮನೆಗೆ ಕೇಬಲ್, ಡಿಟಿಎಚ್ ಅಥವಾ ಫ್ರೀ ಡಿಶ್ ವಾಹಿನಿಗಳೇ ಬೇಕು: ಎಚ್‌ಡಿಎಂಐ ಇರುವ 14ರಿಂದ 24 ಇಂಚಿನ ಸಾದಾ ಟಿವಿ ಮತ್ತು ಎರಡನೇ ಬಾಕ್ಸ್. ಒಂದೇ ಕಡೆ ಇರುವ ಟಿವಿಗೆ ಬ್ಯಾಟರಿಯ ಹಣ ಕೊಡುವ ಅಗತ್ಯವಿಲ್ಲ. ಕಂಪ್ಯೂಟರಿನ ಹಳೆಯ ಮಾನಿಟರಿಗೆ ಎಚ್‌ಡಿಎಂಐ ಇದ್ದರೆ ಅದೂ ಆದೀತು, ಅದರಲ್ಲಿ ಸ್ಪೀಕರ್ ಇದೆಯೇ ನೋಡಿಕೊಳ್ಳಿ.
- ಕರೆಂಟ್ ಇಲ್ಲದ ತೋಟದ ಮನೆಗೆ: 12 ವೋಲ್ಟಿನ ಟಿವಿ, 12 ವೋಲ್ಟಿನ ಫ್ರೀ ಡಿಶ್ ಬಾಕ್ಸ್, ಸೋಲಾರ್ ಬ್ಯಾಟರಿ. ಪುಟ್ಟ ಟಿವಿ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು.
- ಪ್ರಯಾಣಕ್ಕೆ: ಪೆನ್ ಡ್ರೈವ್ ಓದುವ, ಇಯರ್‌ಫೋನ್ ಕಿಂಡಿ ಇರುವ ಹತ್ತು ಇಂಚಿನ ಪರದೆ. ಮೊಬೈಲಿನಲ್ಲೇ ಮೊದಲೇ ಡೌನ್‌ಲೋಡ್ ಮಾಡಿಕೊಂಡು ನೋಡುವುದು ಒಗ್ಗಿದ್ದರೆ ಅದೂ ಬೇಡ.

ಮುಂದೆ ಈ ಚಿತ್ರ ಮತ್ತೆ ಬದಲಾಗಬಹುದು. ಇಂಟರ್ನೆಟ್ ಇಲ್ಲದೆಯೇ ಟಿವಿ ಪ್ರಸಾರವನ್ನು ನೇರವಾಗಿ ಮೊಬೈಲಿಗೆ ತಲುಪಿಸುವ ಡೈರೆಕ್ಟ್-ಟು-ಮೊಬೈಲ್ ತಂತ್ರಜ್ಞಾನದ ಪ್ರಯೋಗ 2023ರಲ್ಲಿ ಬೆಂಗಳೂರು, ದೆಹಲಿ ಮತ್ತು ನೋಯ್ಡಾದಲ್ಲಿ ನಡೆದಿದೆ. ಆದರೆ ಇದು ಡಿವಿಬಿ-ಟಿ2 ಅಲ್ಲ, ಇನ್ನೊಂದು ಪದ್ಧತಿ. ಇದಕ್ಕಾಗಿ ಬೇರೆ ಚಿಪ್ ಬೇಕು. "ಮುಂದೆ ಉಪಯೋಗಕ್ಕೆ ಬರಬಹುದು" ಎಂದು ಇಂದಿನ ಆಂಟೆನಾ ಟಿವಿಯನ್ನು ಕೊಂಡಿಡುವುದರಲ್ಲಿ ಲಾಭವಿಲ್ಲ.

1975-76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ 2400 ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಭಾಗದ ಹಳ್ಳಿಗಳೂ ಇದ್ದವು. ಅಲ್ಲಿಗೆ ಟಿವಿ ಪೆಟ್ಟಿಗೆಯ ಜೊತೆಗೆ ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್ ಕೂಡ ಹೋಗಿತ್ತು. ಸಿಗ್ನಲ್ ಹಿಡಿಯುವ ವ್ಯವಸ್ಥೆ ಇಲ್ಲದೆ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ ಎಂಬುದು ಆಗಲೇ ಗೊತ್ತಿತ್ತು. ಈಗಲೂ ಅದೇ ನಿಯಮ. ಟಿವಿಯನ್ನು ಕಾರ್ಟಿಗೆ ಹಾಕುವ ಮೊದಲು ಅದನ್ನು ಇಡುವ ಜಾಗದಲ್ಲಿ ಒಮ್ಮೆ ನಿಂತು, ಇಲ್ಲಿಗೆ ಚಿತ್ರ ಯಾವ ದಾರಿಯಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಕೊಳ್ಳಿ, ಸಿಗದಿದ್ದರೆ ಆ ಹಣ ನಿಮ್ಮ ಬಳಿಯೇ ಇರಲಿ.